ಅಕ್ಕನ ಉಗ್ಗು, ಗಿರಣಿಯ ಹಾಡು

ಅವಳಿಗೆ ಗಿರಣಿ ಎಂದು ಹೆಸರಿಟ್ಟವಳು ಅಜ್ಜಿ. ಹಿಟ್ಟಿನ ಗಿರಣಿಯಾದರೂ ಕರೆಂಟು ಹೋದರೆ ಸುಮ್ಮನಾಗುತ್ತದೆ, ಈ ಹುಡುಗಿಗೆ ಅದೂ ಇಲ್ಲ ಎಂದು ಆ ಮುದುಕಿ ತಲೆ ಚಚ್ಚಿಕೊಂಡಿದ್ದಳಂತೆ. ಮುಂದೆ ಸಾವಿರಾರು ಜನ ಕೈ ಮೇಲೆತ್ತಿ ಅದೇ ಹೆಸರನ್ನು ಕೂಗಿದರು, ಗೋಡೆಗಳ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆದರು. ರ‍್ಯಾಪ್ ಹಾಡುವ ಹುಡುಗರೆಲ್ಲ ತಮಗೆ ತಾವೇ ಹುಲಿ, ಸಿಡಿಲು, ಬೆಂಕಿ ಎಂದು ಹೆಸರಿಟ್ಟುಕೊಂಡು ಮೆರೆಯುತ್ತಿದ್ದಾಗ ಇವಳೊಬ್ಬಳು ಅಜ್ಜಿಯ ಬೈಗುಳವನ್ನೇ ಹೊತ್ತುಕೊಂಡು ವೇದಿಕೆ ಹತ್ತಿದಳು. ಅದರಲ್ಲಿ ದೊಡ್ಡ ಜಾಣತನವೇನೂ ಇರಲಿಲ್ಲ. ಬೇರೆ ಹೆಸರು ಹೊಳೆದಿರಲಿಲ್ಲ, ಅಷ್ಟೆ.

ಈ ಬಾಯಿಬಡುಕಿಗೆ ಒಬ್ಬಳು ಅಕ್ಕ. ಅಕ್ಕನಿಗೆ ಉಗ್ಗು. ತುಟಿ ಸೇರಿಸಿ ಆಡಬೇಕಾದ ಅಕ್ಷರ ಬಂತೆಂದರೆ, ಅಂದರೆ ಪ, ಬ, ಮ, ಮುಚ್ಚಿದ ತುಟಿ ತೆರೆಯುತ್ತಿರಲಿಲ್ಲ. ತೆರೆದರೂ ಅದೇ ಅಕ್ಷರ ಮತ್ತೆ ಮತ್ತೆ ಉದುರುತ್ತಿತ್ತು. ಬಸ್ಸು, ಪೆನ್ನು, ಮನೆ, ಬಾಗಿಲು, ಬೇಕು, ಬೇಡ. ಬದುಕಿಗೆ ಬೇಕಾದ ಮಾತುಗಳೆಲ್ಲ ಆ ಮೂರು ಅಕ್ಷರಗಳಲ್ಲೇ ಯಾಕೆ ಶುರುವಾಗಬೇಕಿತ್ತೋ ದೇವರೇ ಬಲ್ಲ. ಆದರೆ ಒಂದು ವಿಚಿತ್ರವಿತ್ತು. ಬೇರೆಯವರು ಶುರು ಮಾಡಿದ ಮಾತನ್ನು ಮುಗಿಸುವಾಗಲೋ, ಇನ್ನೊಬ್ಬರ ಜೊತೆ ಒಟ್ಟಿಗೆ ಹೇಳುವಾಗಲೋ ಅಕ್ಕನ ನಾಲಿಗೆ ನೀರು ಹರಿದಂತೆ ಹರಿಯುತ್ತಿತ್ತು. ಶುರು ಮಾಡುವುದೇ ಅವಳಿಗೆ ಕಷ್ಟ.

ಅವರಪ್ಪ ಮನೆ ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಅಮ್ಮ ಬೆಳಿಗ್ಗೆ ಆಫೀಸುಗಳ ನೆಲ ಒರೆಸಲು ಹೋಗುವವಳು. ಹೋಗುವ ಮುನ್ನ ಗಿರಣಿಯನ್ನು ಹತ್ತಿರ ಕರೆದು, "ಅಕ್ಕನಿಗೆ ನೀನೇ ಬಾಯಿ, ತಿಳೀತಾ?" ಅನ್ನುತ್ತಿದ್ದಳು. ಮಗುವಿಗೆ ಅದೊಂದು ಅಧಿಕಾರ ಸಿಕ್ಕಂತಾಯಿತು. ಅಂಗಡಿಯಲ್ಲಿ ಗಿರಣಿ "ಬಟ್ಟೆ" ಅನ್ನುವಳು, ಅಕ್ಕ "ಸೋಪು ಕೊಡಿ" ಅನ್ನುವಳು. ಇಬ್ಬರಿಗೂ ಸೇರಿ ಒಂದೇ ನಾಲಿಗೆಯೇನಮ್ಮಾ ಎಂದು ಅಂಗಡಿಯವನು ನಗುತ್ತಿದ್ದ. ಶಾಲೆಯಲ್ಲಿ ಯಾರಾದರೂ ಅಕ್ಕನನ್ನು ಅಣಕಿಸಿದರೆ ಗಿರಣಿ ಅವರ ಏಳು ತಲೆಮಾರನ್ನು ಪ್ರಾಸಬದ್ಧವಾಗಿ ಬೈದು ಬರುತ್ತಿದ್ದಳು. ಅವಳ ರ‍್ಯಾಪಿಗೆ ಗುರು ಯಾರೆಂದು ಆಮೇಲೆ ಪತ್ರಿಕೆಯವರು ಕೇಳಿದಾಗ ಅವಳು ಏನೇನೋ ಹೇಳಿದಳು. ನಿಜವಾದ ಪಾಠ ಅಲ್ಲಿ ಆದದ್ದು.

ಕ್ರಮೇಣ ಗಿರಣಿ ಅಕ್ಕನ ಮಾತನ್ನು ಶುರು ಮಾಡಿಕೊಡುವುದಷ್ಟೇ ಅಲ್ಲ, ಮುಗಿಸಿಯೂ ಕೊಡತೊಡಗಿದಳು. ಹತ್ತರಲ್ಲಿ ಒಂಬತ್ತು ಸಲ ಅವಳ ಊಹೆ ಸರಿಯೇ ಇರುತ್ತಿತ್ತು. ಹತ್ತನೆಯದು ತಪ್ಪಿದಾಗ ಅಕ್ಕ ತಿದ್ದುತ್ತಿರಲಿಲ್ಲ, ತಲೆಯಾಡಿಸಿ ಹೂಂ ಎಂದು ಬಿಡುತ್ತಿದ್ದಳು. ಮತ್ತೆ ಮೊದಲಿಂದ ಶುರು ಮಾಡುವ ಪಾಡು ಯಾರಿಗೆ ಬೇಕು? ಒಮ್ಮೆ ಬಟ್ಟೆ ಅಂಗಡಿಯಲ್ಲಿ ಅಕ್ಕ "ನಂಗೆ…" ಎಂದು ತಡೆದಾಗ ಗಿರಣಿ "ಕೆಂಪು" ಎಂದುಬಿಟ್ಟಳು. ಅಕ್ಕನಿಗೆ ಬೇಕಿದ್ದದ್ದು ಬಿಳಿ. ಆ ಕೆಂಪು ಫ್ರಾಕನ್ನು ಅವಳು ಮೈಗೆ ಬಿಗಿಯಾಗುವ ತನಕ ತೊಟ್ಟಳು. ಇದು ಗಿರಣಿಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಅದೂ ನಗೆಯ ಮಾತಾಗಿ. ಆಗಲೂ ಇಬ್ಬರೂ ನಕ್ಕರು.

ಓದು ಹೇಗೋ ಮುಗಿಸಿ ಇಬ್ಬರೂ ಒಂದು ದೊಡ್ಡ ಲಾಂಡ್ರಿಗೆ ಕೆಲಸಕ್ಕೆ ಸೇರಿದರು. ಹೋಟೆಲುಗಳ, ಆಸ್ಪತ್ರೆಗಳ ಬೆಡ್‌ಶೀಟುಗಳು ರಾಶಿ ರಾಶಿಯಾಗಿ ಬರುವ ಜಾಗ. ಸಂದರ್ಶನದಲ್ಲಿ ಅಕ್ಕನಿಗೆ ಕೇಳಿದ ಪ್ರಶ್ನೆಗಳಿಗೂ ಗಿರಣಿಯೇ ಉತ್ತರ ಕೊಟ್ಟಳು. ಅಲ್ಲಿನ ಸೂಪರ್‌ವೈಸರಮ್ಮ ಕನ್ನಡಕದ ಮೇಲಿಂದ ನೋಡಿ, ಕೆಲಸಕ್ಕೆ ಬರುವವರು ಇಬ್ಬರೋ ಒಬ್ಬರೋ ಎಂದು ಕೇಳಿದಳು. ನೆಲಮಾಳಿಗೆಯ ಉದ್ದನೆಯ ಕೋಣೆ, ಸೂರಿನಿಂದ ಹನಿಯುವ ಹಬೆ, ಮೂಲೆಯಲ್ಲಿ ಬಿಸಿ ಉರುಳೆಗಳ ಇಸ್ತ್ರಿ ಯಂತ್ರ. ಒದ್ದೆ ಶೀಟು ಆ ಕಡೆಯಿಂದ ಒಳಹೋಗಿ ಈ ಕಡೆಯಿಂದ ಒಣಗಿ ಬರುತ್ತಿತ್ತು. ಬಂದದ್ದನ್ನು ಬಿಸಿ ಆರುವ ಮೊದಲೇ ಮಡಚಬೇಕು, ಇಲ್ಲದಿದ್ದರೆ ಸುಕ್ಕು ಬೀಳುತ್ತದೆ. ಮಡಚಲು ಇಬ್ಬರು ಬೇಕು. ಎರಡೆರಡು ಮೂಲೆ ಹಿಡಿದು ಎದುರುಬದುರು ನಿಂತು, ಹಿಂದೆ ಸರಿದು ಎಳೆದು, ಮುಂದೆ ಬಂದು ಕೈ ಸೇರಿಸಿ, ಮತ್ತೆ ಹಿಂದೆ. ಯಂತ್ರ ಧಡ್-ಧಡಕ್, ಧಡ್-ಧಡಕ್ ಎನ್ನುತ್ತಲೇ ಇರುತ್ತಿತ್ತು. ಆ ತಾಳಕ್ಕೆ ಗಿರಣಿ ಬಾಯಿಗೆ ಬಂದದ್ದನ್ನು ಕಟ್ಟಿ ಹಾಡುವಳು, ಕೈ ಸೇರಿದಾಗ ಸಾಲಿನ ಕೊನೆಯ ಮಾತನ್ನು ಅಕ್ಕ ಹೇಳುವಳು. ಅಷ್ಟರಲ್ಲಿ ಗಿರಣಿ ಉಸಿರೆಳೆದುಕೊಂಡು ಮುಂದಿನ ಸಾಲಿಗೆ ಸಿದ್ಧ.

ಇದಕ್ಕೊಂದು ಹೆಸರಿದೆ ಎಂದು ತಿಳಿಸಿದವನು ಬಟ್ಟೆ ಗಂಟುಗಳನ್ನು ಸಾಗಿಸುವ ವ್ಯಾನಿನ ಡ್ರೈವರು. ಅವನ ವ್ಯಾನಿನಲ್ಲಿ ಸದಾ ಹಿಪ್‌ಹಾಪ್ ಮೊಳಗುತ್ತಿತ್ತು. ಇವರು ಹಾಡುತ್ತಿದ್ದಾರೋ ಬೈಯುತ್ತಿದ್ದಾರೋ ಎಂದು ಗಿರಣಿ ಕೇಳಿದ್ದಕ್ಕೆ, ಎರಡೂ ಎಂದ. ಹಾಗಾದರೆ ಅದು ತನಗೂ ಬರುತ್ತದೆ ಎಂದು ಅವಳಿಗೆ ಆಗಲೇ ಖಾತ್ರಿಯಾಯಿತು.

ರಜಾ ದಿನಗಳಲ್ಲಿ ಒಂದು ಅಂಗಡಿ ಸಂಕೀರ್ಣದ ಪಾರ್ಕಿಂಗಿನಲ್ಲಿ ಹುಡುಗರು ಗುಂಡಗೆ ನಿಂತು ಒಬ್ಬರ ಮೇಲೊಬ್ಬರು ರ‍್ಯಾಪ್ ಕಟ್ಟುತ್ತಿದ್ದರು. ಡ್ರೈವರು ಇಬ್ಬರನ್ನೂ ಅಲ್ಲಿಗೆ ಕರೆದೊಯ್ದ. ಗಿರಣಿಯ ಎದುರು ನಿಂತವನ ಅಡ್ಡಹೆಸರು ಬ್ಯಾಟರಿ. ಅಡುಗೆಮನೆಯ ದಾರಿ ತಪ್ಪಿ ಬಂದೆಯಾ ತಂಗಿ ಎಂದು ಅವನು ಶುರು ಮಾಡಿದ, ಉಳಿದದ್ದನ್ನು ಇಲ್ಲಿ ಬರೆಯುವಂತಿಲ್ಲ. ಹೆಣ್ಣೊಬ್ಬಳು ಬಾಯಿ ತೆರೆದರೆ ಗಂಡಸರಿಗೆ ಹೊಳೆಯುವ ಬೈಗುಳ ನಾಲ್ಕೇ ನಾಲ್ಕು, ಅವನು ಆ ನಾಲ್ಕನ್ನೂ ಖರ್ಚು ಮಾಡಿದ. ಆಮೇಲೆ ಗಿರಣಿ ಹಿಡಿದುಕೊಂಡಳು.

"ನೀವು ಮಲಗೋ ಹಾಸಿಗೆ ನಾನೇ ತೊಳ್ದಿದ್ದು, ಕಲೆ ಸಮೇತ,
ನಿಮ್ಮ ದೊಡ್ಡಸ್ತಿಕೆ ನಾನೇ ಮಡ್ಚಿದ್ದು…"

ಅಲ್ಲಿ ಅವಳ ಉಸಿರು ಕಟ್ಟಿತು. ಸಾಲಿನ ಕೊನೆ ಅವಳದ್ದಾಗಿ ಯಾವತ್ತೂ ಇರಲೇ ಇಲ್ಲ, ಅಲ್ಲಿ ಅವಳು ಉಸಿರೆಳೆದೇ ಅಭ್ಯಾಸ. ಹುಡುಗರು ಹೋ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಗುಂಪಿನ ಹಿಂದಿನಿಂದ, ಒಂದು ಕಾರಿನ ಪಕ್ಕ ನಿಂತಿದ್ದ ಅಕ್ಕ "ಸುಕ್ಕು ಸಮೇತ" ಎಂದಳು. ಗಟ್ಟಿಯಾಗಿ, ತಾಳಕ್ಕೆ ಸರಿಯಾಗಿ. ಆಮೇಲೆ ಎದ್ದ ಗಲಾಟೆ ಬ್ಯಾಟರಿಯ ಪರವಾಗಿ ಇರಲಿಲ್ಲ.

ಹೀಗೆ ಮುಂದೆ ನಿಂತು ಹಾಡುವವಳು ಗಿರಣಿ, ಅರ್ಧ ಹೆಜ್ಜೆ ಹಿಂದೆ ನಿಂತು ಸಾಲಿನ ತುದಿ ಹಿಡಿಯುವವಳು ಅಕ್ಕ ಎಂದಾಯಿತು. ಹಿಪ್‌ಹಾಪಿನವರು ಹೀಗೆ ಹಿಂದೆ ನಿಲ್ಲುವುದಕ್ಕೆ ಬ್ಯಾಕಪ್ ಅನ್ನುತ್ತಾರೆ. ಪಾರ್ಕಿಂಗಿನಿಂದ ಕಾಲೇಜಿನ ಸಭಾಂಗಣಕ್ಕೆ, ಅಲ್ಲಿಂದ ಕ್ಲಬ್ಬುಗಳಿಗೆ, ಅಲ್ಲಿಂದ ಬೇರೆ ಊರುಗಳಿಗೆ. ಸುಲಭವೇನೂ ಇರಲಿಲ್ಲ. ಆಯೋಜಕರು ಅವಳನ್ನು ಜನ ಇನ್ನೂ ಬಾರದ ಮೊದಲಿಗೋ, ಜನ ಎದ್ದು ಹೋದ ಕೊನೆಗೋ ಹಾಕುತ್ತಿದ್ದರು. ಪೋಸ್ಟರಿನಲ್ಲಿ ಗಂಡಸರ ಹೆಸರಿನ ಮುಂದೆ ರ‍್ಯಾಪರ್ ಎಂದಿದ್ದರೆ ಇವಳದ್ದರ ಮುಂದೆ ಲೇಡಿ ರ‍್ಯಾಪರ್ ಎಂದಿರುತ್ತಿತ್ತು, ಯಾವುದೋ ಪ್ರಾಣಿಸಂಗ್ರಹಾಲಯದ ಫಲಕದ ಹಾಗೆ. ಇಷ್ಟು ಸಡಿಲ ಬಟ್ಟೆ ಯಾಕೆ ಎಂದು ಒಬ್ಬ, ಇಷ್ಟು ಸಿಟ್ಟು ಯಾಕೆ ಎಂದು ಇನ್ನೊಬ್ಬ. ಗಿರಣಿ ಎಲ್ಲರಿಗೂ ಜವಾಬು ಕೊಟ್ಟಳು. ಅಕ್ಕನ ಪಾಲಿನ ಜವಾಬನ್ನೂ ಅವಳೇ ಕೊಟ್ಟಳು. ಯಾರಾದರೂ ಅಕ್ಕನ ಮುಂದೆ ಮೈಕು ಹಿಡಿದರೆ ಅದು ಅರ್ಧ ದಾರಿಯಲ್ಲೇ ಗಿರಣಿಯ ಕೈ ಸೇರುತ್ತಿತ್ತು.

ಅಕ್ಕ ಸುಖವಾಗಿದ್ದಳು. ಇದನ್ನು ಮರೆತರೆ ಈ ಕಥೆಗೆ ಅರ್ಥವಿಲ್ಲ. ಭೂಮಿಯ ಮೇಲೆ ಅವಳ ನಾಲಿಗೆ ತಡವರಿಸದೆ ಆಡುತ್ತಿದ್ದ ಜಾಗ ಅದೊಂದೇ, ತಂಗಿಯ ಬೆನ್ನ ಹಿಂದಿನ ಆ ಅರ್ಧ ಹೆಜ್ಜೆ. ಗಿರಣಿ ಲಾಂಡ್ರಿ ಬಿಟ್ಟಳು. ಅಕ್ಕ ಬಿಡಲಿಲ್ಲ. ಹಗಲು ಶೀಟು ಮಡಚಿ, ಸಂಜೆ ಕೈಗೆ ಅಂಟಿದ ಸೋಪಿನ ವಾಸನೆಯಲ್ಲೇ ವೇದಿಕೆಗೆ ಬರುತ್ತಿದ್ದಳು.

ಆಗ ಒಂದು ದೊಡ್ಡ ಕಂಪನಿ ಗಿರಣಿಯ ಹಾಡು ಹೊರತರಲು ಮುಂದೆ ಬಂತು. ಹಾಡಿನ ಹೆಸರು ಬಾಗ್ಲು ತೆಗಿ. ಹೋಟೆಲಿನ ಹಿಂಬಾಗಿಲು, ಕ್ಲಬ್ಬಿನ ಬಾಗಿಲು, ಮುಖದ ಮೇಲೆ ಹಾಕಿಕೊಂಡ ಎಲ್ಲ ಬಾಗಿಲುಗಳ ಮೇಲಿನ ಸಿಟ್ಟು ಅದರಲ್ಲಿತ್ತು. ರೆಕಾರ್ಡಿಂಗ್ ಆದದ್ದು ಹಾಸಿಗೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ. ಗೋಡೆಗೆಲ್ಲ ಫೋಮ್ ತುಂಡು ಅಂಟಿಸಿತ್ತು. ಮೈಕು ಹಿಡಿದಾಗ ಫ್ಯಾನಿನ ಸದ್ದು ಬರಬಾರದೆಂದು ಅದನ್ನೂ ನಿಲ್ಲಿಸುತ್ತಿದ್ದರು, ಬೆವರು ಧಾರಾಕಾರ. ಹಾಡಿಗೆ ತಾಳದ ಬೀಟು ಕಟ್ಟುವವನನ್ನು ಎಲ್ಲರೂ ಬೀಟಣ್ಣ ಅನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಅಕ್ಕನನ್ನು ಅವನು ಕಂಡದ್ದು ಎರಡೋ ಮೂರೋ ಸಲ, ಆಗೆಲ್ಲ ಅವಳು ನಕ್ಕು ತಲೆಯಾಡಿಸಿದ್ದಳೇ ಹೊರತು ತುಟಿ ಪಿಟಕ್ಕೆಂದಿರಲಿಲ್ಲ.

ಅಂದು ಗಿರಣಿ ಫೋನ್ ಬಂತೆಂದು ಹೊರಗೆ ಹೋದಳು. ಆ ಬಿಡುವಿನಲ್ಲಿ ಬೀಟಣ್ಣ ಅಕ್ಕನ ಕಿವಿಗೆ ಹೆಡ್‌ಫೋನು ಹಾಕಿ, ಬಾಗ್ಲು ತೆಗಿ ಅನ್ನುವುದನ್ನು ನೀವೊಬ್ಬರೇ ಒಮ್ಮೆ ಹೇಳಿ, ಧ್ವನಿಯ ಮಟ್ಟ ನೋಡಬೇಕು ಎಂದ. ಅಕ್ಕ ತುಟಿ ಸೇರಿಸಿದಳು. ಮುಂದೆ ಏನಾಯಿತು ಎಂದು ಗೊತ್ತೇ ಇದೆ. ಬಾ, ಬಾ, ಬಾ ಎಂದು ಉದುರಿತೇ ಹೊರತು ಬಾಗಿಲಿನ ತನಕ ಮಾತು ತಲುಪಲಿಲ್ಲ. ಆದರೆ ಕಿವಿಯಲ್ಲಿ ಬೀಟು ಬಡಿಯುತ್ತಿದ್ದುದರಿಂದ ಆ ಉಗ್ಗು ತಾಳದ ಮೇಲೇ ಬಿತ್ತು. ಬೀಟಣ್ಣ ಹೆಬ್ಬೆರಳೆತ್ತಿ ತೋರಿಸಿದ. ಅಕ್ಕ ಹೆಡ್‌ಫೋನು ಕಳಚಿಟ್ಟು ನೀರು ಕುಡಿಯಲು ಎದ್ದುಹೋದಳು.

ಮಾರನೆಯ ದಿನ ಬೀಟಣ್ಣ ಗಿರಣಿಯನ್ನು ಕೂರಿಸಿ ಹಾಡು ಕೇಳಿಸಿದ. ಆ ತುಣುಕನ್ನು ಕತ್ತರಿಸಿ, ಸುತ್ತಿ ಸುತ್ತಿ ಬರುವಂತೆ ಮಾಡಿ, ಪಲ್ಲವಿಯ ಮೊದಲಿಗೇ ಇಟ್ಟಿದ್ದ. ಬಾ ಬಾ ಬಾ, ಬಾ ಬಾ, ಬಾ ಬಾ ಬಾ, ಆಮೇಲೆ ಗಿರಣಿಯ ಅಬ್ಬರದ "ಬಾಗ್ಲು ತೆಗಿ". ಅಕ್ಕ ಏನೋ ಹೊಸ ವರಸೆ ಹಾಕಿದಳು, ಎಂಥ ಐಡಿಯಾ ಎಂದು ಅವನು ಕುಣಿದಾಡಿದ. ಅವನಿಗೆ ಗೊತ್ತಿರಲಿಲ್ಲ. ಇವಳಿಗೆ ಗೊತ್ತಿತ್ತು. ಮೊದಲ ಬಾ ಕಿವಿಗೆ ಬಿದ್ದಾಗಲೇ ಗಿರಣಿ ನಿಲ್ಲಿಸಲು ಕೈ ಚಾಚಿದಳು. ಎರಡನೇ ಸುತ್ತಿಗೆ ಅದೇ ಕೈ ತಾಳ ಹಾಕತೊಡಗಿತು. ತಾನು ಇಷ್ಟು ವರ್ಷ ಕಟ್ಟಿದ ಯಾವ ಹಾಡಿನಲ್ಲೂ ಇಷ್ಟು ಜೀವ ಇರಲಿಲ್ಲ ಎಂದು ಅವಳ ಕಿವಿ ಸುಳ್ಳಿಲ್ಲದೆ ಹೇಳಿತು. ಬೇಡ ತೆಗೆದುಬಿಡು ಎಂದು ಬಾಯಿಯವರೆಗೆ ಬಂದದ್ದು ಅಲ್ಲೇ ಉಳಿಯಿತು. ಅಕ್ಕನನ್ನು ಒಂದು ಮಾತು ಕೇಳಿ ಹೇಳುತ್ತೇನೆ ಎಂದಳು.

ಕೇಳಿದಳು ಕೂಡ. ಮನೆಯ ಮೆಟ್ಟಿಲ ಮೇಲೆ ಕೂತು ತಲೆ ಬಾಚುತ್ತಿದ್ದ ಅಕ್ಕನ ಕಿವಿಗೆ ಹೆಡ್‌ಫೋನು ಹಾಕಿದಳು. ಅಕ್ಕ ಒಮ್ಮೆ ಕೇಳಿದಳು. ಬಾಚಣಿಗೆ ತೊಡೆಯ ಮೇಲಿಟ್ಟು ಮತ್ತೊಮ್ಮೆ ಕೇಳಿದಳು. ಆಮೇಲೆ ತಂಗಿಯ ಮುಖ ನೋಡಿ, "ಇದು ನನ್ನ…" ಎಂದು ಶುರು ಮಾಡಿ ತಡೆದಳು.

"ನಿನ್ನ ಧ್ವನಿನೇ ಕಣೇ. ಯಾರಿಗೂ ಗೊತ್ತಾಗಲ್ಲ. ಇಡೀ ಹಾಡಿಗೆ ಜೀವ ಬಂದಿರೋದೇ ಅದ್ರಿಂದ. ಚೆನ್ನಾಗಿದೆ ಅಲ್ವಾ? ಇಡೋಣ ಅಲ್ವಾ?"

ಅಕ್ಕ ಬಾಚಣಿಗೆ ಎತ್ತಿಕೊಂಡು ತಲೆಯಾಡಿಸಿದಳು. ಕೆಂಪು ಫ್ರಾಕಿಗೆ ಆಡಿಸಿದ ತಲೆಯೇ ಅದು. ಆ ತಲೆಯಾಟವನ್ನು ಹುಟ್ಟಿದಾಗಿನಿಂದ ಬಲ್ಲವಳು ಗಿರಣಿ. ತಿಳಿಯದವಳ ಹಾಗೆ ಎದ್ದು ಹೋಗಿ ಬೀಟಣ್ಣನಿಗೆ ಫೋನ್ ಮಾಡಿದಳು.

ಹಾಡು ಕಾಳ್ಗಿಚ್ಚಿನಂತೆ ಹಬ್ಬಿತು. ಬಸ್ಸಿನಲ್ಲಿ, ಸಲೂನಿನಲ್ಲಿ, ಮದುವೆ ಮನೆಯ ಧ್ವನಿವರ್ಧಕದಲ್ಲಿ, ಎಲ್ಲಿ ನೋಡಿದರೂ ಬಾ ಬಾ ಬಾ. ಶಾಲೆಯ ಮಕ್ಕಳು ಬಾಗಿಲು ಬಡಿಯುವಂತೆ ಕೈ ಆಡಿಸುತ್ತ ಉಗ್ಗುವ ಕುಣಿತವೊಂದನ್ನು ಕಂಡುಹಿಡಿದರು. ಲಿಫ್ಟಿನ ಬಾಗಿಲು ತೆರೆಯದಿದ್ದರೆ ಸೂಟುಬೂಟಿನವರೂ ಅದನ್ನೇ ಗುನುಗಿದರು. ಕಂಪನಿಯವರು ಗಿರಣಿಯನ್ನು ಊರಿಂದೂರಿಗೆ ಹೊತ್ತುಕೊಂಡು ಹೋದರು. ಅಕ್ಕ ಮೊದಲ ಒಂದೆರಡು ಕಾರ್ಯಕ್ರಮಕ್ಕೆ ಬಂದಳು. ಆಮೇಲೆ ತಲೆನೋವು ಎಂದು ಹಣೆ ಮುಟ್ಟಿ ತೋರಿಸಿದಳು, ರಜೆ ಇಲ್ಲ ಎಂದು ಕೈ ತಿರುವಿದಳು. ಬೀಟಣ್ಣ ಅಕ್ಕನ ಹಳೆಯ ಧ್ವನಿಯನ್ನೇ ಯಂತ್ರದಲ್ಲಿ ತುಂಬಿ ಸಾಲಿನ ತುದಿಗಳಿಗೆ ಕೂರಿಸಿಕೊಟ್ಟ. ಕೆಲಸ ನಡೆಯಿತು.

ಕೊನೆಗೊಂದು ಸಂಜೆ ಭಾರಿ ಮೈದಾನ, ಕಣ್ಣು ಹಾಯಿಸಿದಷ್ಟೂ ತಲೆಗಳು. ಪಲ್ಲವಿ ಬಂದಾಗ ಗಿರಣಿ ಮೈಕನ್ನು ಜನರ ಕಡೆ ಚಾಚಿದಳು. ಇಡೀ ಮೈದಾನ ಒಟ್ಟಿಗೆ ಉಗ್ಗಿತು. ಸುಳ್ಳು ಹೇಳಬಾರದು, ಅವಳಿಗೆ ಖುಷಿಯೇ ಆಯಿತು. ಕಾಲ ಕೆಳಗಿನ ಹಲಗೆ ನಡುಗುವಷ್ಟು ಸದ್ದು, ಆ ಸದ್ದಿನ ನಡುವೆ ಅವಳೊಬ್ಬಳು. ಯಾರಿಗಾದರೂ ನೆತ್ತಿಗೇರುತ್ತದೆ.

ಮರುದಿನ ಮಧ್ಯಾಹ್ನ ಕೈತುಂಬ ಹೂಗುಚ್ಛ ಹಿಡಿದು ಮನೆಗೆ ಬಂದರೆ ಅಮ್ಮ ಒಬ್ಬಳೇ ಅಡುಗೆಮನೆಯಲ್ಲಿ ಕೂತಿದ್ದಳು. ಹೂವು ಎಲ್ಲಿಡಲಿ ಎಂದು ಗಿರಣಿ ಕೇಳಿದಳು. ಅಮ್ಮ ಹೂವಿನ ಕಡೆ ನೋಡದೆ ಕಳೆದ ವಾರ ನಡೆದದ್ದನ್ನು ಹೇಳಿದಳು.

ಅಮ್ಮನಿಗೆ ರಕ್ತದೊತ್ತಡ. ಮಾತ್ರೆ ಮುಗಿದಿತ್ತು, ತರಲು ಅಕ್ಕ ಔಷಧಿ ಅಂಗಡಿಗೆ ಹೋಗಿದ್ದಳು. ಯಾವಾಗಲೂ ಮುಗಿದ ಮಾತ್ರೆಯ ಖಾಲಿ ಪಟ್ಟಿ ತೋರಿಸಿ ತರುತ್ತಿದ್ದವಳು ಅಂದು ಅದನ್ನು ಮರೆತಿದ್ದಳು. ಬಿ.ಪಿ. ಮಾತ್ರೆ ಎಂದು ಬಾಯಲ್ಲೇ ಕೇಳಬೇಕಾಯಿತು. ಮೂರಕ್ಕೆ ಮೂರೂ ತುಟಿಯ ಅಕ್ಷರ. ಅಂಗಡಿಯಲ್ಲಿದ್ದವನು ಹೊಸಬ. ಇವಳು ಬಿ, ಬಿ, ಬಿ ಎಂದು ಒದ್ದಾಡುತ್ತಿದ್ದರೆ ಅವನು ಹಾಡು ಹೇಳುತ್ತಿದ್ದಾಳೆ ಎಂದುಕೊಂಡು ನಕ್ಕ. ಕೌಂಟರನ್ನೇ ತಬಲಾ ಮಾಡಿ ಬಡಿದ. ಸಾಲಿನಲ್ಲಿ ನಿಂತವರು ಒಟ್ಟಿಗೆ "ಬಾಗ್ಲು ತೆಗಿ" ಎಂದು ಮುಗಿಸಿದರು. ಒಬ್ಬ ಹುಡುಗಿ ಫೋನೆತ್ತಿ ವಿಡಿಯೋ ಮಾಡುತ್ತ, ಆಂಟಿ ಇನ್ನೊಂದ್ಸಲ ಎಂದಳು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಅದೇ ಇದರಲ್ಲಿನ ಕೆಟ್ಟದ್ದು. ಅಕ್ಕ ಮಾತ್ರೆ ಇಲ್ಲದೆ ಮನೆಗೆ ಬಂದಳು. ಅಂದಿನಿಂದ ಅವಳು ಅಮ್ಮನ ಹತ್ತಿರವೂ ಮಾತಾಡಿಲ್ಲ.

"ಅವಳಿಗೆ ಬಾಯಿ ಆಗು ಅಂದಿದ್ದೆ," ಎಂದಳು ಅಮ್ಮ. "ಅವಳ ಬಾಯಿ ಕಿತ್ಕೋ ಅಂದಿರ್ಲಿಲ್ಲ."

ಶಾಲೆಯಲ್ಲಿ ಅಕ್ಕನನ್ನು ಅಣಕಿಸಿದವರು ನಾಲ್ಕೈದು ಮಕ್ಕಳು, ಅವರನ್ನು ಅವಳು ಸುಮ್ಮನೆ ಬಿಟ್ಟಿರಲಿಲ್ಲ. ನಿನ್ನೆ ಸಂಜೆ ಒಂದು ಮೈದಾನ ತುಂಬ ಜನ ಅಕ್ಕನನ್ನು ಅಣಕಿಸಿದ್ದರು, ಅವರ ಕಡೆ ಮೈಕು ಚಾಚಿದ್ದು ಇವಳ ಕೈ.

ಅಕ್ಕ ಕೆಲಸದಿಂದ ಬಂದ ಮೇಲೆ ಗಿರಣಿ ಅವಳ ಹಾಸಿಗೆಯ ಅಂಚಿನಲ್ಲಿ ಕೂತು ಮಾತಾಡಿದಳು. ತಪ್ಪಾಯಿತು ಎಂದಳು, ಅತ್ತಳು, ಬೀಟಣ್ಣನಿಗೆ ಗೊತ್ತಿರಲಿಲ್ಲ ಎಂದಳು, ತನಗೆ ಗೊತ್ತಿತ್ತು ಎಂದೂ ಹೇಳಿದಳು. ನಿನಗೆ ನನ್ನ ಮೇಲೆ ಸಿಟ್ಟಿದೆ ಅಲ್ವಾ, ಇರಲೇಬೇಕು ಎಂದು ಅದನ್ನೂ ತಾನೇ ಹೇಳಿ ಮುಗಿಸಿದಳು. ಅಕ್ಕ ಗೋಡೆಯ ಕಡೆ ಮಗ್ಗುಲಾದಳು.

ಬೀಟಣ್ಣ ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತು ಕೂತ. ಕಂಪನಿಯ ಮ್ಯಾನೇಜರಮ್ಮ ಹಾಗೆ ಕೂರುವವಳಲ್ಲ. ಹೊರಗೆ ಹೋದ ಹಾಡನ್ನು ವಾಪಸ್ಸು ಕರೆಯಲಾಗುವುದಿಲ್ಲ, ಮುಂದಿನ ಊರುಗಳ ಕಾರ್ಯಕ್ರಮಗಳೆಲ್ಲ ನಿಂತಿರುವುದೇ ಅದರ ಮೇಲೆ, ಅದನ್ನು ಹಾಡದಿದ್ದರೆ ಕಾರ್ಯಕ್ರಮವೂ ಇಲ್ಲ ಕಂಪನಿಯೂ ಇಲ್ಲ ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಜ್ಜಿ ಹೇಳುತ್ತಿದ್ದದ್ದು ಗಿರಣಿಗೆ ನೆನಪಾಯಿತು. ಆಗ ಅವಳಿಗೊಂದು ದಾರಿ ಹೊಳೆಯಿತು. ಹಾಡುವ ಮೊದಲು ವೇದಿಕೆಯ ಮೇಲೆ ಎಲ್ಲ ಹೇಳಿಬಿಡುವುದು. ಇದು ನನ್ನ ಅಕ್ಕನ ಧ್ವನಿ, ಇದು ಆಟವಲ್ಲ, ಅವಳು ದಿನಾ ಪಡುವ ಪಾಡು, ಅವಳಿಗೆ ಗೌರವ ಕೊಡಿ ಎಂದು. ಅಕ್ಕನ ಪರವಾಗಿ ತಾನೇ ಕೈಮುಗಿದು ಕೇಳುವುದು.

ಮ್ಯಾನೇಜರಮ್ಮನ ಮುಖ ಅರಳಿತು. "ಅಕ್ಕನ್ನೂ ಸ್ಟೇಜ್ ಮೇಲೆ ಕರ್ಕೊಂಡು ಬನ್ನಿ. ಅವರೇನೂ ಮಾತಾಡೋದು ಬೇಡ, ನಿಂತ್ರೆ ಸಾಕು. ಜನ ಅತ್ತುಬಿಡ್ತಾರೆ."

ಅವರೇನೂ ಮಾತಾಡೋದು ಬೇಡ. ಗಿರಣಿ ಆ ಮಾತನ್ನು ದಾರಿಯುದ್ದಕ್ಕೂ ಹೊತ್ತು ನಡೆದಳು. ಅದು ಮ್ಯಾನೇಜರಮ್ಮನ ಮಾತು ಅನ್ನಿಸಲಿಲ್ಲ. ತಾನು ಬಾಲ್ಯದಿಂದ ಆಡಿಕೊಂಡು ಬಂದ ಮಾತೇ ಯಾರದೋ ಬಾಯಲ್ಲಿ ಕೇಳಿದ ಹಾಗಿತ್ತು. ಮನೆಯ ಕಡೆ ತಿರುಗಬೇಕಾದ ಕಾಲು ಲಾಂಡ್ರಿಯ ಕಡೆ ತಿರುಗಿತು.

ನೆಲಮಾಳಿಗೆ ಹಾಗೇ ಇತ್ತು. ಅದೇ ಹಬೆ, ಅದೇ ಧಡ್-ಧಡಕ್. ಅಕ್ಕನ ಜೊತೆ ಮಡಚುವ ಹೆಂಗಸು ಊಟಕ್ಕೆ ಹೋಗಿದ್ದಳು, ಉರುಳೆಯಿಂದ ಹೊರಬಂದ ಶೀಟು ಒಂದು ಕಡೆ ಅಕ್ಕನ ಕೈಯಲ್ಲಿ, ಇನ್ನೊಂದು ಕಡೆ ಮೇಜಿನ ಮೇಲೆ. ಗಿರಣಿ ಹೋಗಿ ಆ ಎರಡು ಮೂಲೆ ಎತ್ತಿಕೊಂಡಳು. ಸೂಪರ್‌ವೈಸರಮ್ಮ ಕನ್ನಡಕದ ಮೇಲಿಂದ ನೋಡಿ ತನ್ನ ಕೆಲಸಕ್ಕೆ ಮರಳಿದಳು. ಅಕ್ಕ ಒಮ್ಮೆ ತಂಗಿಯ ಕಡೆ ನೋಡಿ, ಹಿಂದೆ ಸರಿದು ಶೀಟು ಎಳೆದಳು.

"ಅಕ್ಕ, ಒಂದೇ ಮಾತು ಕೇಳ್ತೀನಿ. ಅದು ನಿನ್ನ ಧ್ವನಿ ಅಂತ ಎಲ್ಲರಿಗೂ ಹೇಳಿ, ಆ ಹಾಡು ಹಾಡ್ಲಾ?"

ಅಷ್ಟು ಹೇಳಿ ನಿಲ್ಲಿಸಿದಳು. ನಿಲ್ಲಿಸುವುದು ಎಷ್ಟು ಕಷ್ಟ ಎಂದು ಅವಳಿಗೆ ಆವತ್ತು ತಿಳಿಯಿತು. ಅಕ್ಕ ಮುಂದೆ ಬರಲಿಲ್ಲ, ಮೂಲೆ ಹಿಡಿದು ನಿಂತಲ್ಲೇ ತುಟಿ ಸೇರಿಸಿದಳು. ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಹೌದೆಂದೋ ಅಲ್ಲವೆಂದೋ ಒಂದು ಅಲುಗಾಟ, ಕೆಲಸ ಮುಗಿಯುತ್ತಿತ್ತು. ಆದರೆ ಅಕ್ಕ ಹೇಳಲು ಹೊರಟಿದ್ದಳು. ಕುತ್ತಿಗೆಯ ನರ ಉಬ್ಬಿತು, ಕಣ್ಣು ಮುಚ್ಚಿತು. ಗಿರಣಿಯ ನಾಲಿಗೆಯ ಮೇಲೆ ಆ ಸಾಲಿಗೆ ನಾಲ್ಕು ಕೊನೆಗಳು ಸಿದ್ಧವಾಗಿ ಬಂದು ನಿಂತವು. ಅವಳು ನಾಲಿಗೆಯನ್ನೇ ಕಚ್ಚಿಕೊಂಡಳು.

ಬೇ ಎಂದು ಬಂತು. ಮತ್ತೆ ಬೇ. ಮತ್ತೆ. ಪಕ್ಕದ ಮೇಜಿನ ಹೊಸ ಹುಡುಗಿಯೊಬ್ಬಳು ತಲೆಯೆತ್ತಿ, ಹಾಡಿನ ಕುಣಿತಕ್ಕೆ ಕೈ ಅರ್ಧ ಎತ್ತಿದಳು. ಅಕ್ಕ ಅದನ್ನು ನೋಡಿದಳು. ನೋಡಿಯೂ ನಿಲ್ಲಿಸಲಿಲ್ಲ. ಹುಡುಗಿಯ ಕೈ ತಾನಾಗಿ ಕೆಳಗಿಳಿಯಿತು. ಯಂತ್ರದಿಂದ ಇನ್ನೊಂದು ಶೀಟು ಬಂದು ಮೇಜಿನ ಮೇಲೆ ಬಿತ್ತು, ಅದರ ಮೇಲೆ ಮತ್ತೊಂದು.

"ಬೇಡ," ಎಂದಳು ಅಕ್ಕ.

ಗಿರಣಿ ಬಾಯಿ ತೆರೆಯಲಿಲ್ಲ. ಅಕ್ಕನ ಮುಖದಲ್ಲಿ ಇನ್ನೂ ಮಾತಿತ್ತು. ಅದಕ್ಕೂ ಅಷ್ಟೇ ಹೊತ್ತು ಹಿಡಿಯಿತು, ನಡುವೆ ಎರಡು ಕಡೆ ಕಟ್ಟಿತು, ಒಮ್ಮೆ ಪೂರಾ ನಿಂತೇ ಹೋಯಿತು. ತಂಗಿ ಕಾದಳು. ಕೈಯಲ್ಲಿದ್ದ ಶೀಟಿನ ಬಿಸಿ ಆರುತ್ತಾ ಬಂದದ್ದು ಅವಳ ಬೆರಳಿಗೆ ತಿಳಿಯುತ್ತಿತ್ತು.

"ಮೆಟ್ಲು ಮೇಲೆ ಕೂತಿದ್ದಾಗಲೂ… ಇದನ್ನೇ ಹೇಳೋಕೆ ಹೊರ್ಟಿದ್ದೆ."

ಗಿರಣಿ ಹೂಂ ಎಂದು ತಲೆಯಾಡಿಸಿದಳು. ಮ್ಯಾನೇಜರಮ್ಮನಿಗೆ ಏನು ಹೇಳಬೇಕೆಂಬುದು ಅಲ್ಲಿಗೆ ತೀರ್ಮಾನವಾಯಿತು, ಹಾಡದ ಹಾಡಿನ ಹಿಂದೆ ಇನ್ನೇನೇನು ಹೋಗಲಿದೆ ಎಂಬುದೂ ಅವಳಿಗೆ ಗೊತ್ತಿತ್ತು. ಕಣ್ಣಲ್ಲಿ ನೀರು ತುಂಬಿತ್ತು, ಎರಡೂ ಕೈಯಲ್ಲಿ ಶೀಟಿನ ಮೂಲೆ ಇದ್ದುದರಿಂದ ಒರೆಸಿಕೊಳ್ಳಲಾಗಲಿಲ್ಲ. ಅಕ್ಕ ಮುಂದೆ ಬಂದಳು, ಕೈಗೆ ಕೈ ಸೇರಿಸಿ ಮೂಲೆಗಳನ್ನು ತಗೊಂಡಳು, ಶೀಟನ್ನು ಬೆಳಕಿಗೆ ಹಿಡಿದು ನೋಡಿದಳು. ಅದು ಆರಿ ಸುಕ್ಕುಗಟ್ಟಿತ್ತು. ಬಿಡಿಸಿ ಮತ್ತೆ ಉರುಳೆಗೆ ಹಾಕಬೇಕಾಯಿತು.